ಕಣಿಕೆಯ ಮರೆ

ಕುಲಗೋಡಕ್ಕೆ ಸೊಸೆಯಾಗಿ ಬಂದ ವರ್ಷವೇ ನನಗೆ ಉರಿಮೂತ್ರ ಹಿಡಿಯಿತು. ಹೆಂಗಸರು ಬಯಲಿಗೆ ಹೋಗಬೇಕಾದರೆ ಕತ್ತಲಾಗಬೇಕು. ಅದಕ್ಕೇ ಹಗಲೆಲ್ಲ ನಾನು ನೀರು ಮುಟ್ಟುತ್ತಿರಲಿಲ್ಲ. ನನ್ನ ನಡಿಗೆ ನೋಡಿಯೇ ಬಾಜೂ ಮನೆಯ ಅಕ್ಕನಿಗೆ ತಿಳಿಯಿತು. ಅವರದೂ ಅದೇ ಬೇನೆ, ಹೋದಂತೆ ಮಾಡಿ ಮತ್ತೆ ಬರುವಂಥದ್ದು. ಜೈನರಾದ ಅವರು ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಕುಡಿಯುತ್ತಿರಲಿಲ್ಲ. ಹಗಲೇ ಕುಡಿಯಬೇಕು, ಹಗಲೇ ಹೋಗಬೇಕು. ಹಾಗಾಗಿ ಹಿತ್ತಲಲ್ಲಿ ಜೋಳದ ಒಣದಂಟಿನ ಕಣಿಕೆ ಕಟ್ಟಿ ಮರೆ ಮಾಡಿಕೊಂಡಿದ್ದರು. ಅವರ ಎಮ್ಮೆ ಅದನ್ನು ಮೇದು ಕಿಂಡಿ ಮಾಡುತ್ತಿತ್ತು. ಅಕ್ಕ ಬೈಯುತ್ತ ಹೊಸ ಕಣಿಕೆ ಸಿಕ್ಕಿಸುತ್ತಿದ್ದರು.

ಒಂದು ಮಧ್ಯಾಹ್ನ ನನ್ನನ್ನು ಕರೆದು, ಹವೀಜದ ಕಾಳು, ಅಂದರೆ ಕೊತ್ತಂಬರಿ ಬೀಜ, ನೆನೆಸಿದ ನೀರನ್ನು ತಂಬಿಗೆ ತುಂಬ ಕುಡಿಸಿದರು. ಆಮೇಲೆ ಮರೆಯ ಕಡೆ ಕೈ ತೋರಿದರು. ಅಂದೂ ದೊಡ್ಡ ಕಿಂಡಿಯಿತ್ತು. ನಾನು ಹಿಂಜರಿದೆ. ಅಕ್ಕ ಸೆರಗನ್ನು ಅಗಲಿಸಿ ಹಿಡಿದು ಕಿಂಡಿಗೆ ಬೆನ್ನು ಕೊಟ್ಟು ನಿಂತರು.

“ಅವಸರ ಮಾಡಿ ಅರ್ಧಕ್ಕ ಏಳಬ್ಯಾಡ ತಂಗಿ, ಉರಿ ಮತ್ತ ಬರತೈತಿ. ಸಾವಕಾಶ ಆಗ್ಲಿ, ನಾ ಅದೀನಿ.”

ಅಷ್ಟರಲ್ಲಿ ಗೋಡೆಯಾಚೆಯಿಂದ ನಮ್ಮ ಅತ್ತೆಯ ದನಿ ಕೇಳಿಸಿತು. “ನಮ್ಮ ಸೊಸಿ ಅಲ್ಲಿ ಅದಾಳೇನವಾ?”

ನಾನು ಅರ್ಧಕ್ಕೇ ಏಳಹೋದೆ. ಅಕ್ಕ ಮಾತ್ರ ಅಲುಗಲಿಲ್ಲ.

“ಅದಾಳ್ರಿ. ನೀವೂ ಬರ್ರಿ, ಆಕಿದಾದ ಮ್ಯಾಲ ನಿಮ್ಮ ಪಾಳಿ.”

ಅತ್ತೆ ಗೋಡೆ ಸುತ್ತಿ ಬಂದೇಬಿಟ್ಟರು. ಅಕ್ಕ ಅವರಿಗೂ ಹಾಗೆಯೇ ಸೆರಗು ಹಿಡಿದು ನಿಂತರು.

ಮುಂದೆ ಅಕ್ಕ ಮನೆಮಂದಿಯೊಂದಿಗೆ ಹುಕ್ಕೇರಿಗೆ ಹೋಗಿ ನೆಲೆಸಿದರು. ಊರ ದನಗಳು ಆ ಮರೆಯನ್ನು ಪೂರಾ ಮೇದು ಮುಗಿಸಿದವು.

ಈಗ ನಮ್ಮ ಹಿತ್ತಲಲ್ಲಿ ಗೋಡೆಯಿದೆ, ಬಾಗಿಲಿದೆ, ಚಿಲಕವಿದೆ. ಬೇನೆ ಮರುಕಳಿಸಿದಾಗ ಚಿಲಕ ಹಾಕದೆಯೇ ಕೂತು ‘ನಾ ಅದೀನಿ’ ಎಂಬ ದನಿಗಾಗಿ ಕಿವಿಗೊಡುತ್ತೇನೆ. ಹೊರಗೆ ಯಾರೂ ಇರುವುದಿಲ್ಲ.