ಖಾಲಿ ಜಾಗ ಬರೆಯುತ್ತಿದ್ದ ಕಾಕಾ

ಹೋದ ವಾರ ನಮ್ಮ ಫೌಂಡ್ರಿಗೆ ಬರಬೇಕಾದ ಕೆಮಿಕಲ್ ಬರಲಿಲ್ಲ. ಮಾಲಕರು ಎಲ್ಲಿಂದಲೋ ಒಂದು ಡ್ರಮ್ ಕಾಕಂಬಿ ತರಿಸಿದರು. ಹಿಂದೆಲ್ಲ ಕಬ್ಬಿನ ಈ ಕಾಕಂಬಿಯನ್ನೇ ಉಸುಕಿಗೆ ಬೆರೆಸಿ ಅಚ್ಚು ಮಾಡುತ್ತಿದ್ದರು, ಉಸುಕು ಗಟ್ಟಿ ಹಿಡಿಯಲಿ ಎಂದು. ಅಚ್ಚಿನೊಳಗೆ ಕಾದ ಕಬ್ಬಿಣ ಸುರಿದ ಕೂಡಲೇ ಬೆಲ್ಲ ಸೀದ ಹಾಗೆ ವಾಸನೆ ಎದ್ದಿತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಕೆಲಸ ಬಿಟ್ಟು ಹೊರಗೆ ಓಡಬೇಕೆನಿಸಿತು. ಅದು ಕಾಕಾರ ಅಂಗಿಯ ವಾಸನೆ.

ಅವರು ನನ್ನ ಸ್ವಂತ ಕಾಕಾ ಅಲ್ಲ. ಕುಪವಾಡದ ಒಂದು ಸಣ್ಣ ಫೌಂಡ್ರಿಯಲ್ಲಿ ಅಚ್ಚು ಮಾಡುವ ಮೋಲ್ಡರ್. ಬೆಳಗಿನ ಪಾಳಿ ಮುಗಿಸಿ, ಸೈಕಲ್ ತುಳಿದು ಮಿರಜ್‌ಗೆ ಬಂದು ನಮ್ಮ ಶಾಲೆಯ ಮೈದಾನದಲ್ಲಿ ಹಾಕಿ ಆಟ ಕಲಿಸುತ್ತಿದ್ದರು. ಯಾರೂ ಕರೆದಿರಲಿಲ್ಲ. ಹರೆಯದಲ್ಲಿ ಅವರೂ ಆಡಿದ್ದರಂತೆ... ಎಲ್ಲಿ, ಯಾವ ಟೀಮಿಗೆ, ನಾವು ಒಮ್ಮೆಯೂ ಕೇಳಲಿಲ್ಲ. ಕೋಚ್ ಎಂಬ ಸರ್ಟಿಫಿಕೇಟ್ ಅವರ ಬಳಿ ಇರಲಿಲ್ಲ. ಅದಕ್ಕೇ ಮ್ಯಾಚಿನ ದಿನ ಬೆಂಚಿನ ಮೇಲೆ ಪಿ.ಟಿ. ಸರ್ ಕೂರುತ್ತಿದ್ದರು, ಕಾಕಾ ತಂತಿ ಬೇಲಿಯ ಹೊರಗೆ ನಿಲ್ಲುತ್ತಿದ್ದರು.

ಆಟದ ಲೆಕ್ಕಾಚಾರವನ್ನೆಲ್ಲ ಅವರು ಫೌಂಡ್ರಿಯಲ್ಲೇ ಹೇಳಿಕೊಡುತ್ತಿದ್ದರು. ವಾರದ ರಜೆಯ ದಿನ ವಾಚ್‌ಮನ್‌ಗೆ ಹೇಳಿ ನಮ್ಮನ್ನು ಒಳಗೆ ಬಿಡಿಸಿಕೊಳ್ಳುತ್ತಿದ್ದರು. ನೆಲದ ಮೇಲಿನ ಕರಿ ಉಸುಕನ್ನು ಹಲಗೆಯಿಂದ ಸಮ ಮಾಡಿ, ಕರಣಿಯ ತುದಿಯಿಂದ ಗೆರೆ ಎಳೆಯುವರು. ಎರಡು ಗೋಲು, ಅವುಗಳ ಮುಂದೆ ಅರ್ಧಚಂದ್ರದ ಹಾಗೆ ಎರಡು ಡಿ, ನಡುವೆ ಗೆರೆ. ಎದುರಿನವರಿಗೆ ಒಡೆದ ಕಬ್ಬಿಣದ ಚೂರು ಇಡುವರು. ನಮ್ಮನ್ನು ಇಡುತ್ತಿರಲಿಲ್ಲ. ಚೂರುಗಳ ನಡುವೆ ಅಲ್ಲಿ ಇಲ್ಲಿ ಹೆಬ್ಬೆಟ್ಟು ಒತ್ತಿ ಕುಳಿ ಮಾಡಿ, ಸುಮ್ಮನೆ ನಮ್ಮ ಮುಖ ನೋಡುವರು.

ಸುಮ್ಮನೆ ಕೂರುವುದು ನನಗೆ ಆಗದ ಕೆಲಸ. "ಕಾಕಾ, ನಾ ಎಲ್ಲಿ ನಿಂದರ್ಲಿ ಅಷ್ಟ ಹೇಳ್ರಿ, ಸಾಕು" ಎನ್ನುತ್ತಿದ್ದೆ.

"ನೀ ನಿಂದರಾವ ಅಲ್ಲಲೇ, ಓಡಾವ. ನಿನ್ನ ಹಿಂದ ಯಾರ ಬರ್ತಾರ ಅನ್ನೂದು ನೋಡು."

"ಇವ್ನ ಹಿಂದ ನಾಯಿ ಬಿಟ್ರ ಗಡಿ ದಾಟತಾನ್ರಿ ಕಾಕಾ" ಎಂದು ಗೋಲು ಕಾಯುವ ನಮ್ಮ ಗೋಲಿ ನಕ್ಕ.

"ದಾಟ್ಲಿ. ಆ ನಾಯಿನೂ ಮೈದಾನ ಬಿಟ್ಟು ಹೋತಲ್ಲ? ಅದ ಬೇಕಾಗಿದ್ದು." ಕಾಕಾ ಒಂದು ಕಬ್ಬಿಣದ ಚೂರನ್ನು ಬಲ ಮೂಲೆಗೆ ಸರಿಸಿ, ಅದು ಇದ್ದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದರು. "ಅಚ್ಚು ಅಂದ್ರ ಏನು? ಖಾಲಿ ಜಾಗ. ಅದನ್ನ ಸರಿಯಾಗಿ ಮಾಡಿದ್ರ ಕಬ್ಬಿಣ ತಾನಾಗೇ ಬಂದು ಕುಂದರತೈತಿ. ಚೆಂಡೂ ಹಂಗ."

ಆ ಕುಳಿಗೆ ಓಡಿ ಬರಬೇಕಾದವನು ಬೇಡಗ ಹಳ್ಳಿಯ ಹುಡುಗ. ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಓಟ ನಿಧಾನ, ಮಾತು ಅದಕ್ಕಿಂತ ನಿಧಾನ. ಆದರೆ ಅವನು ಹೊಡೆದರೆ ಗೋಲಿನ ಹಲಗೆ ಅದುರುತ್ತಿತ್ತು. ಆ ವರ್ಷ ಸಾಂಗ್ಲಿಯಲ್ಲಿ ಶಾಲೆಗಳ ಫೈನಲ್. ಪುಣೆ ಕಡೆಯ ಒಂದು ಕ್ರೀಡಾ ಹಾಸ್ಟೆಲ್‌ನವರು ನೋಡಲು ಬರುತ್ತಾರೆ, ನಮ್ಮ ಟೀಮಿನಿಂದ ಒಬ್ಬನನ್ನು ತೆಗೆದುಕೊಳ್ಳುತ್ತಾರೆ ಎಂದು ಪಿ.ಟಿ. ಸರ್ ಹೇಳಿದ್ದರು. ಬೇಡಗದವನ ಅಪ್ಪ ಮಗನನ್ನು ಶಾಲೆ ಬಿಡಿಸಿ ದ್ರಾಕ್ಷಿ ತೋಟದ ಕೆಲಸಕ್ಕೆ ಹಚ್ಚುವವರಿದ್ದರು. ಹಾಸ್ಟೆಲ್ ಸಿಕ್ಕರೆ ಮಾತ್ರ ಅವನ ಶಾಲೆ. ನನ್ನ ಮನೆ ಎಂದರೆ ಒಂದು ಖೋಲಿ, ಆರು ಜನ. ಎಲ್ಲಾದರೂ ಸರಿ, ಅಲ್ಲಿಂದ ಹೊರಗೆ ಬಿದ್ದರೆ ಸಾಕಿತ್ತು ನನಗೆ.

ಫೈನಲ್‌ನ ಬೆಳಿಗ್ಗೆ ಕಾಕಾ ನನ್ನನ್ನು ಬೇಲಿಯ ಹತ್ತಿರ ಕರೆದರು.

"ನಿನ್ನ ಓಟ ಹಾಸ್ಟೆಲ್‌ನವರು ಹ್ವಾದ ಮ್ಯಾಚಿನ್ಯಾಗ ನೋಡ್ಯಾರ. ಬೇಡಗದವನ ಹೊಡ್ತ ನೋಡಿಲ್ಲ. ಎದುರಿನವರ ಆ ದಪ್ಪ ಫುಲ್‌ಬ್ಯಾಕ್ ನಿನ್ನ ಬಿಡಂಗಿಲ್ಲ. ಬಲಕ್ಕ ಎಳ್ಕೊಂಡು ಹೋಗು, ಚೆಂಡು ಹಿಂದಕ್ಕ ಕೊಡು. ಇವತ್ತ ಅವನನ್ನೂ ನೋಡ್ಲಿ. ಆಮ್ಯಾಲ ಯಾರನ್ನರ ತಗೊಳ್ಳಿ. ಆತಿಲ್ಲೋ?"

"ಆತ್ರಿ ಕಾಕಾ" ಎಂದೆ.

ಮೊದಲ ಅರ್ಧದಲ್ಲಿ ಎರಡು ಸಲ ಹಾಗೇ ಮಾಡಿದೆ. ಬೇಡಗದವನ ಒಂದು ಹೊಡೆತವನ್ನು ಅವರ ಗೋಲಿ ಹೇಗೋ ತಡೆದ. ಇನ್ನೊಂದು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಆಮೇಲೆ ಅವರೊಂದು, ನಾವೊಂದು ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹಾಕಿದೆವು. ಆಟ ಮುಗಿಯಲು ಇನ್ನು ಎರಡೋ ಮೂರೋ ನಿಮಿಷ. ಚೆಂಡು ನನಗೆ ಬಂತು. ಬಲಕ್ಕೆ ಓಡಿದೆ, ಫುಲ್‌ಬ್ಯಾಕ್ ಹಿಂದೆಯೇ ಬಂದ. ಡಿ ನಡುವೆ ಜಾಗ ಪೂರ್ತಿ ಖಾಲಿಯಾಯಿತು. ಬೇಡಗದವನು ಅಲ್ಲಿಗೆ ಬಂದು ನಿಂತ. ಸ್ಟಿಕ್ ಎತ್ತಿದ್ದ. ಎಲ್ಲವೂ ಉಸುಕಿನಲ್ಲಿ ಬರೆದ ಹಾಗೇ ಇತ್ತು. "ಕೊಡಲೇ, ಹಿಂದಕ್ಕ ಕೊಡು!" ಎಂದು ಕಾಕಾ ಬೇಲಿಯಾಚೆಯಿಂದ ಕೂಗಿದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ಫುಲ್‌ಬ್ಯಾಕ್ ಕಾಲು ಜಾರಿ ಬಿದ್ದ. ನಾನು ಎತ್ತಿದ ತಲೆ ತಗ್ಗಿಸಿ ನಾನೇ ಹೊಡೆದೆ. ಗೋಲು ಕಾಣದ ಜಾಗದಿಂದ ಹೊಡೆದ ಕೆಟ್ಟ ಹೊಡೆತ. ಗೋಲಿಯ ಪ್ಯಾಡಿಗೆ ಬಡಿದು ಚೆಂಡು ಒಳಗೆ ಉರುಳಿತು.

ಗೆದ್ದೆವು. ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೊತ್ತವರಲ್ಲಿ ಬೇಡಗದವನೂ ಇದ್ದ. ಹಾಸ್ಟೆಲ್‌ನವರು ಬಂದು ನನ್ನ ಹೆಸರು ಬರೆದುಕೊಂಡರು. ಕಾಕಾ ಸೈಕಲ್ ಹಿಡಿದುಕೊಂಡೇ ನಿಂತಿದ್ದರು. "ಗೋಲ್ ಆತು, ಚಲೋ ಆತು" ಎಂದರು. ಆಮೇಲೆ ಬೇರೆ ಕಡೆ ನೋಡುತ್ತ, "ಅಂವಾ ಬಂದು ನಿಂತಿದ್ದ" ಎಂದರು. ಅಷ್ಟೇ.

ಪುಣೆಗೆ ಹೋಗುವ ಮೊದಲು ಒಮ್ಮೆ ಫೌಂಡ್ರಿಗೆ ಹೋದೆ. ಬೈದರೆ ಬೈಸಿಕೊಂಡು ಹಗುರಾಗೋಣ ಎಂದು. ಅವರು ಬೈಯಲಿಲ್ಲ. ಉಸುಕು ಸಮ ಮಾಡಿ ಕರಣಿಯನ್ನು ನನ್ನ ಕೈಗೆ ಕೊಟ್ಟರು.

"ಅವತ್ತ ಏನಾತು, ನೀನ ಬರಿ."

ಬರೆದೆ. ಡಿ ಬರೆದೆ, ಗೋಲಿಯನ್ನು ಇಟ್ಟೆ, ಜಾರಿಬಿದ್ದ ಫುಲ್‌ಬ್ಯಾಕ್‌ನನ್ನೂ ಇಟ್ಟೆ. ನಾನು ಓಡಿದ ದಾರಿ ಎಳೆದೆ. ಕಾಕಾ ನೋಡುತ್ತಲೇ ಇದ್ದರು. ನಡುವಿನ ಆ ಜಾಗದಲ್ಲಿ ಹೆಬ್ಬೆಟ್ಟು ಒತ್ತಬೇಕು, ಅದು ನನಗೆ ಗೊತ್ತಿತ್ತು. ಕೈ ಹೋಗಲಿಲ್ಲ.

"ಮುಗೀತ?"

"ಮುಗೀತ್ರಿ."

ಅವರು ಒಮ್ಮೆ ಕೆಮ್ಮಿದರು. ಹಲಗೆ ಎಳೆದು ಎಲ್ಲವನ್ನೂ ಅಳಿಸಿದರು. "ಹೋಗು ಮತ್ತ. ಹಾಸ್ಟೆಲ್‌ನ್ಯಾಗ ಹೊಟ್ಟಿ ತುಂಬ ಉಣ್ಣು" ಎಂದು ಬೆನ್ನು ತಿರುಗಿಸಿ ಕೆಲಸಕ್ಕೆ ಹತ್ತಿದರು.

ಹಾಸ್ಟೆಲ್‌ನಲ್ಲಿ ನಾಲ್ಕು ತಿಂಗಳು ನಿಂತೆ. ಅಲ್ಲಿ ಬಿಳಿ ಬೋರ್ಡು, ಆಯಸ್ಕಾಂತದ ಬಿಲ್ಲೆ ಎಲ್ಲ ಇದ್ದವು. ಅಲ್ಲಿಯ ಕೋಚ್ ಕೂಡ ಚೆಂಡು ಬಿಡು, ಚೆಂಡು ಬಿಡು ಎಂದೇ ಕೂಗುತ್ತಿದ್ದರು. ಬಿಡಲು ಹೋದಾಗಲೆಲ್ಲ ಸ್ಟಿಕ್ ಎತ್ತಿ ನಿಂತವನು ಕಣ್ಣ ಮುಂದೆ ಬರುತ್ತಿದ್ದ... ಕಾಲು ತಪ್ಪುತ್ತಿತ್ತು. ಒಂದು ದಿನ ಟ್ರಂಕ್ ಹೊತ್ತು ಮಿರಜ್ ಸ್ಟೇಷನ್ನಿನಲ್ಲಿ ಇಳಿದೆ. ಮಂಡಿ ನೋವು ಎಂದು ಎಲ್ಲರಿಗೂ ಸುಳ್ಳು ಹೇಳಿದೆ. ಅಷ್ಟರಲ್ಲಿ ಬೇಡಗದವನು ಶಾಲೆ ಬಿಟ್ಟಾಗಿತ್ತು. ಕಾಕಾ ಉಸಿರು ಕಟ್ಟುತ್ತದೆ ಎಂದು ಕೆಲಸ ಬಿಟ್ಟು ತಮ್ಮ ಊರು ಸಲಗರೆಗೆ ಹೋಗಿದ್ದರು. ಸಲಗರೆ ಎಷ್ಟು ದೂರ? ಬಸ್ಸು ಹತ್ತಿದರೆ ಮುಗಿಯಿತು. ಹತ್ತಲಿಲ್ಲ. ಹೋಗಿ ಏನು ಹೇಳುವುದು ಎಂದು ಇವತ್ತು ನಾಳೆ ಮಾಡಿದೆ. ಒಂದು ಮಳೆಗಾಲ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣು ಮಾಡಿ ಆಗಲೇ ಎಂಟು ದಿನವಾಗಿತ್ತು.

ಈಗ ನಾನೂ ಕುಪವಾಡದಲ್ಲೇ ಮೋಲ್ಡರ್. ಸಂಜೆ ಒಂದು ಶಾಲೆಯ ಹುಡುಗಿಯರಿಗೆ ಹಾಕಿ ಕಲಿಸುತ್ತೇನೆ. ಬೇಡಗದವನು ಟೆಂಪೋ ಓಡಿಸುತ್ತಾನೆ, ನಮ್ಮ ಮಾಲು ತುಂಬಿಕೊಳ್ಳಲು ವಾರಕ್ಕೆ ಎರಡು ಸಲ ಬರುತ್ತಾನೆ. ಚಹಾ ಕುಡಿಯುತ್ತೇವೆ, ಸುಡುಗಾಡು ರಸ್ತೆಗೆ ಬೈಯುತ್ತೇವೆ. ಆ ಮ್ಯಾಚಿನ ಮಾತು ಇಷ್ಟು ವರ್ಷ ಇಬ್ಬರೂ ಎತ್ತಿರಲಿಲ್ಲ.

ಕಾಕಂಬಿ ಸುಟ್ಟ ಆ ದಿನ ಅವನು ಬಂದಾಗ ನಾನು ಫೌಂಡ್ರಿಯ ಅಂಗಳದ ಉಸುಕಿನಲ್ಲಿ ಹುಡುಗಿಯರ ಮ್ಯಾಚಿನ ಗೆರೆ ಎಳೆಯುತ್ತಿದ್ದೆ. ಅವನು ಬಂದು ಕುಕ್ಕರಗಾಲಲ್ಲಿ ಕೂತು ನೋಡಿದ. ನನಗೆ ತಡೆಯಲಾಗಲಿಲ್ಲ.

"ಅವತ್ತ ಆ ಚೆಂಡು ನಿನ್ನದಿತ್ತಲೇ" ಎಂದೆ. "ಕಾಕಾ ಬೆಳಿಗ್ಗೇನ ಹೇಳಿದ್ರು. ನಿನಗ ಕೊಡಂತ ಹೇಳಿದ್ರು. ನಾನ ಕೊಡ್ಲಿಲ್ಲ."

"ಗೊತ್ತೈತಿ. ನನಗೂ ಹೇಳಿದ್ರು, ಅಲ್ಲಿ ಹೋಗಿ ನಿಂದರು ಅಂತ."

"ಮತ್ತ ಇಷ್ಟ ದಿನ ಯಾಕ ಕೇಳ್ಲಿಲ್ಲ?"

ಅವನು ಎದ್ದು ಪ್ಯಾಂಟಿನ ಉಸುಕು ಕೊಡವಿಕೊಂಡ. "ಕೇಳಿ ಏನ್ ಮಾಡ್ಲಿ? ಚೆಂಡು ಒಳಗ ಹೋಗಿತ್ತಲ್ಲ. ಹೊರಗ ಹೋಗಿದ್ರ ಒದೀತಿದ್ದೆ."

"ಐತವಾರ ಹುಡುಗ್ಯಾರಿಗೆ ಹೊಡ್ತ ಕಲಿಸಾಕ ಬಾ."

"ಐತವಾರ ಕೊಲ್ಲಾಪುರದ್ದು ಲೋಡ್ ಐತಿ" ಎಂದ. ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಟೆಂಪೋ ಶುರು ಮಾಡಿ ಹೋದ.

ಅವನಿಗೆ ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅವನು ಅಲ್ಲೇ ನಿಂತು ನೋಡಿದವನು, ಅವನಿಗೆ ಹೊಸದಾಗಿ ಹೇಳುವುದೇನಿತ್ತು? ಮುಗೀತ ಎಂದು ಕೇಳಿದವರು ಒಬ್ಬರೇ. ಇಲ್ರಿ ಕಾಕಾ, ನಡುವ ಒಂದು ಕುಳಿ ಉಳಿದೈತಿ ಎಂದು ನಾನು ಹೇಳಬೇಕಾಗಿದ್ದುದು ಅವರಿಗೆ... ಪಾಳಿಯ ಗಂಟೆ ಆಯಿತು. ಎದ್ದು ಒಳಗೆ ಹೋದೆ.