ಮನೆಯವರನ್ನು ಕರೆದುಕೊಂಡು ಬನ್ನಿ

ನನ್ನ ನಾದಿನಿ ನಿಂತಲ್ಲಿ ನಿಲ್ಲುವವಳಲ್ಲ. ಅವಳ ಅಣ್ಣ, ಅಂದರೆ ನಮ್ಮ ಯಜಮಾನರು, ಅವಳಿಗೆ ಗಡಿಬಿಡಿ ಎಂದು ಹೆಸರಿಟ್ಟಿದ್ದರು. ಈಗ ಅವರಿಲ್ಲ. ಹೆಸರು ಉಳಿದಿದೆ.

ಅವಳು ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು. ಔಷಧಿ ಕೊಡುವವಳಲ್ಲ, ಸಂಶೋಧನೆ ಮಾಡುವವಳು. ನನ್ನ ಅತ್ತೆಗೆ ಬೆನ್ನುನೋವು, ವಾಕರಿಕೆ ಬಂದಾಗ ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ತೊಂದರೆ ಇದ್ದದ್ದು ಹೃದಯದಲ್ಲಿ. ಅತ್ತೆ ಉಳಿಯಲಿಲ್ಲ. ಅಂದಿನಿಂದ ಇವಳಿಗೆ ಒಂದೇ ಹಟ. ಹೆಂಗಸರ ಹೃದಯ ಏನು ಹೇಳುತ್ತದೆಂದು ಹೆಂಗಸರನ್ನೇ ಕರೆದು ನೋಡಬೇಕು.

ಯಾರನ್ನು ಕರೆಯುವುದು, ಏನು ಕೇಳುವುದು, ಎಲ್ಲ ಅವಳೇ ಕೂತು ಯೋಜನೆ ಹಾಕಿದಳು. ಬೆಳಗಿನ ಅಡುಗೆ ಮುಗಿದ ಮೇಲಿನ ಹೊತ್ತು ಗೊತ್ತುಮಾಡಿದಳು. ಯಂತ್ರದ ಮೇಲೆ ನಡೆಸಿ ಹೃದಯದ ಬಡಿತ ನೋಡುವುದಂತೆ. ನನ್ನ ಅಡುಗೆಮನೆಯಲ್ಲೇ ನಡೆದು ತೋರಿಸಿದಳು. ಒಲೆಯ ಮೇಲೆ ಹಾಲು ಉಕ್ಕಿತು, ಅವಳಿಗೆ ಅದರ ಪರಿವೆಯಿಲ್ಲ.

ಆದರೆ ಯಾರೂ ಬರಲಿಲ್ಲ. ಆಸ್ಪತ್ರೆಯಿಂದ ಫೋನು ಮಾಡಿದರೆ ನೋಡೋಣ ಎನ್ನುವರು, ಅಷ್ಟೇ. ತಿಂಗಳ ಕೊನೆಯೊಳಗೆ ಜನ ಸೇರದಿದ್ದರೆ ಕೆಲಸ ನಿಲ್ಲಿಸಿ ಎಂದರು ಮೇಲಿನವರು. ಧಾರಾವಾಹಿ ಬಿಟ್ಟು ಬರಲು ಹೆಂಗಸರಿಗೆ ಪುರಸೊತ್ತೆಲ್ಲಿ ಎಂದು ಒಬ್ಬ ಹಿರಿಯ ಡಾಕ್ಟರು ನಕ್ಕರಂತೆ. ಇವಳು ಊಟ ಬಿಟ್ಟು ನನ್ನ ಮುಂದೆ ಕೂತಳು.

"ಬೇರೆಯವ್ರು ಹೋಗ್ಲಿ ಅತ್ತಿಗೆ, ನಿಮಗೂ ಫೋನ್ ಬಂದಿತ್ತಲ್ಲ. ನೀವೇ ಯಾಕೆ ಬರ್ಲಿಲ್ಲ?"

"ಮನೆಯವರನ್ನ ಕರ್ಕೊಂಡು ಬನ್ನಿ ಅಂದ್ರು. ಎಲ್ಲಿಂದ ಕರ್ಕೊಂಡು ಬರ್ಲಿ?"

ಫೋನಿನಲ್ಲಿ ಹೇಳಲು ಆ ಮಾತು ಬರೆದುಕೊಟ್ಟವಳು ಅವಳೇ. ನಡೆದು ತಲೆ ಸುತ್ತಿದರೆ ಮನೆಮಂದಿ ಯಾರಾದರೂ ಜೊತೆಗಿರಲಿ ಎಂದು. ನಮ್ಮ ಕಿವಿಗೆ ಬಿದ್ದದ್ದು ಗಂಡ ಎಂದು. ಗಂಡ ಸತ್ತವಳು ಫೋನಿಟ್ಟಳು. ಗಂಡ ಇದ್ದವಳು ಅವನ ರಜೆ ಕಾದಳು. ಮದುವೆಯಾಗದ ಇವಳಿಗೆ ಮನೆಯವರೆಂದರೆ ನಾವೆಲ್ಲ.

ಕಣ್ಣು ತುಂಬಿಕೊಂಡಳು. ನಾನು ನೋಡದವಳಂತೆ ತಟ್ಟೆ ತೊಳೆದೆ. ಆಮೇಲೆ ಎದ್ದಳು ನೋಡಿ, ಕುರ್ಚಿ ಬಿತ್ತು. ಒಂದು ಮಾತು ಬದಲಿಸಲೂ ಅಲ್ಲಿ ಒಪ್ಪಿಗೆ ಬೇಕಂತೆ. ಬೆಳಿಗ್ಗೆಯೇ ಹೋಗಿ ಮೇಲಿನವರ ಬಾಗಿಲು ಕಾದು ಒಪ್ಪಿಗೆ ತಂದಳು. ಅಕ್ಕ, ತಂಗಿ, ಪಕ್ಕದ ಮನೆಯಾಕೆ ಯಾರಾದರೂ ಸರಿ, ಯಾರೂ ಇಲ್ಲದಿದ್ದರೆ ಒಬ್ಬರೇ ಬನ್ನಿ, ಜೊತೆಗೆ ನಾವಿರುತ್ತೇವೆ ಎಂದು ಮತ್ತೆ ಎಲ್ಲರಿಗೂ ಫೋನು ಹೋಯಿತು.

ಮುಂದಿನ ವಾರ ಆಸ್ಪತ್ರೆಯ ವರಾಂಡ ಸಂತೆಯಾಗಿತ್ತು. ಜೊತೆಗೆಂದು ಬಂದವಳೂ ನನ್ನನ್ನೂ ನೋಡಿ ಎನ್ನುತ್ತಿದ್ದಳು. ಕುರ್ಚಿ ಸಾಲದೆ ಆ ಹಿರಿಯ ಡಾಕ್ಟರ ಕೋಣೆಯಿಂದ ತಂದರು. ಗಡಿಬಿಡಿ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಳು. ಮೊದಲು ಈಕೆಯನ್ನೇ ಯಂತ್ರ ಹತ್ತಿಸಿ ಎಂದು ಯಾರೋ ಅಂದರು. ವರಾಂಡವೆಲ್ಲ ನಕ್ಕಿತು. ನಾನೂ ನಕ್ಕೆ. ಯಜಮಾನರು ಹೋದ ಮೇಲೆ ಮೊದಲ ಸಲ.

ನನ್ನ ಸರದಿ ಬಂತು. ಎದೆಗೆ ವಯರು ಅಂಟಿಸುತ್ತ ನರ್ಸು ಹಳೇ ರೂಢಿಯಲ್ಲೇ ಕೇಳಿದಳು.

"ಮನೆಯವರು ಬಂದಿದಾರಾ?"

"ಬಂದಿದಾರೆ. ಅಗೋ, ಅಲ್ಲಿ ಓಡ್ತಿದಾರೆ."