ಮಗ್ಗದ ಚಷ್ಮಾ, ನಲವತ್ತು ಪರ್ಸೆಂಟ್

ನಮ್ಮವ್ವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು ಕಣ್ಣಿನ ಸಲುವಾಗಿ ಅಲ್ಲ. ಇನ್‌ಕಮ್ ಟ್ಯಾಕ್ಸ್ ಸಲುವಾಗಿ!

ನಗಬೇಡಿ. ಮಾರ್ಚ್ ಬಂತೆಂದರೆ ಸಂಬಳದವರ ತಲೆ ಹಾಗೇ ಓಡುತ್ತದೆ. ನಾನು ಬಾಗಲಕೋಟೆಯಲ್ಲಿ ಹೈಸ್ಕೂಲ್ ಮಾಸ್ತರ, ಮನೆ ಗುಳೇದಗುಡ್ಡದಲ್ಲಿ. ನನ್ನ ರಿಟರ್ನ್ ತುಂಬಿಕೊಡುವ ಸಲೀಮಭಾಯಿ ಈ ಸಲ ಹೊಸ ದಾರಿ ಹೇಳಿದರು.

“ಸರ್, ನೀವಿನ್ನೂ ಹಳೇ ರಿಜಿಮ್‌ನಾಗ ಅದೀರಿ. ತಾಯಿಯವರಿಗೆ ಅರವತ್ತು ದಾಟೇತಿ, ಇನ್ಶೂರೆನ್ಸ್ ಇಲ್ಲ. ಅವರ ದವಾಖಾನಿ ಖರ್ಚು ತೋರಸಾಕ ಬರತೈತಿ. ಕಣ್ಣರ ತೋರಿಸ್ರಿ. ರೊಕ್ಕ ಮಾತ್ರ ಕೈಯಾಗ ಕೊಡಬ್ಯಾಡ್ರಿ, ಫೋನಿನಾಗ ಹಾಕ್ರಿ.”

ಅವ್ವ ಕುಪ್ಪಸದ ಖಣ ನೇಯುವವಳು. ಈಗಲೂ ಆಕೆ ಮತ್ತು ನಮ್ಮ ಚಿಗವ್ವ ಪಾಳಿ ಹಚ್ಚಿ ಮಗ್ಗಕ್ಕೆ ಕೂಡುತ್ತಾರೆ. “ನನ್ನ ಕಣ್ಣಿಗೆ ಏನಾಗೇತಿ? ಚಷ್ಮಾಕ್ಕ ವಯಸ್ಸಾಗೇತಿ ಅಷ್ಟ,” ಎಂದು ಗೊಣಗುತ್ತಲೇ ಬಸ್ಸು ಹತ್ತಿದಳು.

ಬಾಗಲಕೋಟೆಯ ಡಾಕ್ಟರಮ್ಮ ಅವ್ವನ ಎಡಗಣ್ಣು ಮುಚ್ಚಿ ಬೋರ್ಡ್ ಓದಿಸಿದರು. ತಡವರಿಸುತ್ತ ಓದಿದಳು. ಆಮೇಲೆ ಬಲಗಣ್ಣು ಮುಚ್ಚಿದರು. “ಈಗ ಓದ್ರಿ, ಅಮ್ಮಾ.”

ಅವ್ವ ಬೋರ್ಡಿನ ಕಡೆ ಕತ್ತು ಚಾಚಿದಳು. ಆಮೇಲೆ ಸ್ವಲ್ಪ ಸಿಟ್ಟಿನಲ್ಲೇ ಕೇಳಿದಳು: “ಎರಡೂ ಮುಚ್ಚಿದರ ಹೆಂಗ ಓದಬೇಕ್ರೀ?”

ಎಡಗಣ್ಣು ತೆರೆದೇ ಇತ್ತು.

ಡಾಕ್ಟರಮ್ಮ ಇನ್ನೊಂದಿಷ್ಟು ತಪಾಸಣೆ ಮಾಡಿದರು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ, ನೋವು ಕೊಡದೆ, ನೋಟವನ್ನು ತಿಂದುಬಿಟ್ಟಿತ್ತು. ಹೋದದ್ದು ಬರುವುದಿಲ್ಲ. ಬಲಗಣ್ಣು ಸದ್ಯ ಗಟ್ಟಿ ಇದೆ, ಹೊಸ ಚಷ್ಮಾ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಆದರೆ ಅದೂ ಹೋಗಬಾರದೆಂದರೆ ಬದುಕಿರುವ ತನಕ ದಿನಾಲೂ ಔಷಧದ ಹನಿ ಹಾಕಲೇಬೇಕು.

“ಈ ಚಷ್ಮಾ ಯಾವಾಗ ಮಾಡಿಸಿದ್ರಿ?” ಎಂದು ಕೇಳಿದರು.

“ಇದು ನನ್ನದಲ್ರಿ, ಮಗ್ಗದ್ದು,” ಎಂದಳು ಅವ್ವ.

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಮ್ಮ ಮನೆಯಲ್ಲಿ ಅದು ಹಾಗೇ. ಅಪ್ಪ ಇದ್ದಾಗ ಮಾಡಿಸಿದ ಚಷ್ಮಾ ಮಗ್ಗದ ಕಂಬದ ಮೊಳೆಗೆ ತೂಗುತ್ತದೆ. ಯಾರು ಮಗ್ಗಕ್ಕೆ ಕೂಡುತ್ತಾರೋ ಅವರ ಮೂಗಿಗೆ ಏರುತ್ತದೆ. ಮಬ್ಬಾದರೆ ಸೆರಗಿನಿಂದ ಒರೆಸುವುದು, ತಲೆನೋವು ಬಂದರೆ ಪಾಳಿ ಬದಲಿಸುವುದು. ಲಾಳಿಯಂತೆ ಅದೂ ಮಗ್ಗದ ಒಂದು ಸಾಮಾನು. (ಲಾಳಿ ಸವೆದರೆ ಬೇರೆ ತರುತ್ತೇವೆ, ಅದು ಬೇರೆ ಮಾತು.) ಎಳೆ ಹರಿದರೆ ಅವ್ವನ ಬೆರಳೇ ಹುಡುಕಿ ಗಂಟು ಹಾಕುತ್ತಿತ್ತು. ನೇಯ್ಗೆ ಕೆಡಲಿಲ್ಲ, ಹಾಗಾಗಿ ಯಾರಿಗೂ ಅನುಮಾನವೇ ಬರಲಿಲ್ಲ. ಒಂದೇ ಸೂರಿನಡಿ ಉಣ್ಣುತ್ತೇವೆ, ಮಲಗುತ್ತೇವೆ. ಬೈಕಿನ ಸರ್ವಿಸಿಂಗ್ ನನಗೆ ನೆನಪಿರುತ್ತದೆ. ಹೆತ್ತವಳ ಒಂದು ಕಣ್ಣು ಹೋದದ್ದು ಗೊತ್ತಾಗುವುದಿಲ್ಲವೆಂದರೆ ಇದೆಂಥ ಸಂಸಾರ?

ಮರುದಿನವೇ ಚಿಗವ್ವನನ್ನೂ ಕರೆದೊಯ್ದೆ. ಆಕೆಯ ಕಣ್ಣು ನೆಟ್ಟಗಿವೆ, ಪುಣ್ಯಕ್ಕೆ.

ಬಿಲ್ಲುಗಳನ್ನು ಹಿಡಿದು ಸಲೀಮಭಾಯಿಯ ಹತ್ತಿರ ಹೋದೆ. ಸುದ್ದಿ ಕೇಳಿ ಅವರು ಭಾಳ ನೊಂದುಕೊಂಡರು. ಅಂಗವಿಕಲರನ್ನು ಸಾಕುವವರಿಗೆ ಬೇರೆಯೇ ಡಿಡಕ್ಷನ್ ಉಂಟಲ್ಲ, ಅದು ಸಿಗುತ್ತದೆಯೇ ಎಂದು ಕೇಳಿದೆ.

“ಇಲ್ರಿ ಸರ್. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚಲೋ ಇದ್ರ ಮೂವತ್ತು ಪರ್ಸೆಂಟ್ ಅಂತ ಹಿಡೀತಾರ. ಕಾಯ್ದೆಕ್ಕ ನಲವತ್ತು ಬೇಕು. ಆ ಇನ್ನೊಂದು ಕಣ್ಣಾಗೂ ಒಂದೀಟು ಮಬ್ಬಿದ್ದಿದ್ರ...” ಅಲ್ಲಿಗೆ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡರು. “ತೋಬಾ ತೋಬಾ. ನಾ ಹಂಗ ಅನಬಾರದಿತ್ತು.”

ಅವರದೇನು ತಪ್ಪು? ಇದ್ದ ನಿಯಮ ಹೇಳಿದರು. ಆದರೂ ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಅರ್ಧ ಜಗತ್ತು ಕತ್ತಲಾದವಳಿಗೆ ‘ಇನ್ನೂ ಹತ್ತು ಕಮ್ಮಿ ಬಿತ್ತು’ ಎನ್ನುವುದು ಯಾವ ಸೀಮೆಯ ಲೆಕ್ಕ?

ಮನೆಗೆ ಬಂದವನೇ ಅವ್ವನ ಮುಂದೆ ಆ ಮೂವತ್ತು-ನಲವತ್ತರ ಲೆಕ್ಕ ಹೇಳಿ ಕಾಯ್ದೆಗೆ ಬಾಯಿಗೆ ಬಂದಂತೆ ಬೈದೆ. ಆಕೆಯೂ ನಾಲ್ಕು ಮಾತು ಸೇರಿಸುತ್ತಾಳೆ ಅಂದುಕೊಂಡಿದ್ದೆ. ಕೈಯಲ್ಲಿ ಔಷಧದ ಬಾಟಲಿ ಹಿಡಿದು ಎಲ್ಲ ಕೇಳಿಸಿಕೊಂಡಳು. ಮುಚ್ಚಳ ಬಿಚ್ಚಲಿಲ್ಲ.

“ಯಪ್ಪಾ, ಹಂಗಾದ್ರ ಈ ಚಲೋ ಕಣ್ಣಿಗೆ ಔಷಧ ಹಾಕೋದು ಬಿಡ್ಲೇನು? ನಿನಗ ಅನುಕೂಲ ಆಗೋದಿದ್ರ...”

ಅವ್ವ ಚೇಷ್ಟೆ ಮಾಡುತ್ತಿರಲಿಲ್ಲ.